ಚಪ್ಪಟೆ ರೆಕ್ಕೆ ಹೇಗೆ ಹಾರುತ್ತದೆ? – ಒಂದು ಗ್ಲೈಡರ್ ಕೂಟದ ಪಾಠಾನುಭವ

ಹಿನ್ನೆಲೆ

ಬೋಧನಾಭ್ಯಾಸಕ್ಕೆಂದು ನನ್ನನ್ನು ಚಳ್ಳಕೆರೆ ತಾಲ್ಲೂಕಿನ ನನ್ನಿವಾಳದ ಕಡೆಯ ಒಂದು ಪ್ರೌಢಶಾಲೆಗೆ ನಿಯೋಜಿಸಲಾಗಿತ್ತು. ಒಂಬತ್ತನೇ ತರಗತಿಗೆ ಭೌತವಿಜ್ಞಾನ, ಎಂಟನೇ ತರಗತಿಗೆ ಗಣಿತ ನನ್ನ ಪಾಲಿಗೆ ಬಂದವು. ಇದರ ಜೊತೆಗೆ ಶಾಲೆಯಲ್ಲಿ ಒಂದು ಸಹಪಠ್ಯ ಚಟುವಟಿಕೆಯನ್ನು ನಡೆಸಿ ವರದಿ ಬರೆಯಬೇಕಿತ್ತು. ಗೆಳತಿಯರು ರಸಪ್ರಶ್ನೆ, ಭಿತ್ತಿಪತ್ರಿಕೆ, ಕೈತೋಟ ಎಂದು ಆರಿಸಿಕೊಂಡರು. ನಾನು ಗ್ಲೈಡರ್ ಕೂಟ ಎಂದು ಬರೆದುಕೊಟ್ಟೆ.

ಇದಕ್ಕೆ ಕಾರಣ ನನ್ನ ಹವ್ಯಾಸ. ಬಿ.ಎಸ್ಸಿ. ಓದುವಾಗ ನಾವು ಆರು ಜನ ಸೇರಿ ದುಡ್ಡು ಹಾಕಿ ರೇಡಿಯೋ ನಿಯಂತ್ರಿತ ಗ್ಲೈಡರ್ ಒಂದನ್ನು ಕೊಂಡಿದ್ದೆವು. ಒಂದೂವರೆ ಮೀಟರ್ ರೆಕ್ಕೆಯ, ಗಟ್ಟಿ ಫೋಮಿನ ಸಾದಾ ಮಾದರಿ ಅದು. ಅದಕ್ಕೆ ಎಂಜಿನ್ ಇಲ್ಲ. ಕೈಯಿಂದ ಎಸೆದರೆ ಅಥವಾ ರಬ್ಬರ್ ಹಗ್ಗದಿಂದ ಚಿಮ್ಮಿಸಿದರೆ ಮೇಲೇರಿ, ಗಾಳಿಯ ಮೇಲೆ ಜಾರುತ್ತಾ ಇಳಿಯುತ್ತದೆ. ಒಳಗೆ ಒಂದು ಪುಟ್ಟ ಬ್ಯಾಟರಿ, ಒಂದು ರಿಸೀವರ್, ಎರಡು ಸರ್ವೋ ಮೋಟಾರ್ ಇರುತ್ತವೆ. ಒಂದು ಸರ್ವೋ ಬಾಲದ ನಿಂತ ಪಟ್ಟಿಯನ್ನು, ಅಂದರೆ ರಡ್ಡರನ್ನು, ತಿರುಗಿಸುತ್ತದೆ. ಇನ್ನೊಂದು ಬಾಲದ ಮಲಗಿದ ಪಟ್ಟಿಯನ್ನು, ಅಂದರೆ ಎಲಿವೇಟರನ್ನು, ಎತ್ತಿ ಇಳಿಸುತ್ತದೆ. ಎರಡು ವರ್ಷ ಭಾನುವಾರಗಳಲ್ಲಿ ಅದನ್ನು ಹಾರಿಸಿ, ಬೀಳಿಸಿ, ಅಂಟಿಸಿ ಕಲಿತದ್ದು ಬಹಳ. ಹದ್ದು ರೆಕ್ಕೆ ಬಡಿಯದೆ ಎಲ್ಲಿ ಸುತ್ತು ಹಾಕುತ್ತಿದೆಯೋ ಅಲ್ಲಿ ಬಿಸಿಗಾಳಿ ಮೇಲೇಳುತ್ತಿದೆ ಎಂದು ತಿಳಿದು, ಗ್ಲೈಡರನ್ನು ಅತ್ತ ಕಳಿಸುವುದನ್ನು ನಾನು ಕಲಿತದ್ದು ಅಲ್ಲೇ. ಕೂಟದವರು ಕೆಲಸ ಹಿಡಿದು ಚದುರಿದ ಮೇಲೆ ಆ ಗ್ಲೈಡರ್ ನನ್ನ ಮನೆಯ ಅಟ್ಟದಲ್ಲಿ ಉಳಿದಿತ್ತು.

ಇನ್ನೊಂದು ಕಾರಣ ಊರು. ಚಳ್ಳಕೆರೆ ತಾಲ್ಲೂಕಿನ ಕಾವಲು ನೆಲದಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯ ಇದೆ. ಪೈಲಟ್ ಇಲ್ಲದ ರುಸ್ತುಂ-2 ವಿಮಾನದ ಮೊದಲ ಹಾರಾಟ 2016ರ ನವೆಂಬರ್‌ನಲ್ಲಿ ಅಲ್ಲಿಂದಲೇ ನಡೆಯಿತು. ಇಸ್ರೋ ತನ್ನ ಮರುಬಳಕೆ ಉಡಾವಣಾ ವಾಹನದ ಮಾದರಿಯನ್ನು 2023ರ ಏಪ್ರಿಲ್ 2ರಂದು ಅಲ್ಲಿಯ ರನ್‌ವೇಯಲ್ಲಿ ಇಳಿಸಿತು. 2024ರಲ್ಲಿ ಪುಷ್ಪಕ್ ಎಂಬ ಹೆಸರಿನಲ್ಲಿ ಮತ್ತೆರಡು ಬಾರಿ ಇಳಿಸಿತು. ಇಳಿಯುವಾಗ ಪುಷ್ಪಕ್‌ಗೆ ಎಂಜಿನ್ನಿನ ನೆರವಿಲ್ಲ. ಅಂದರೆ ಅದೂ ಒಂದು ಗ್ಲೈಡರ್. ದೇಶವೇ ನೋಡಿದ ಗ್ಲೈಡರ್ ಇಳಿದ ತಾಲ್ಲೂಕಿನ ಮಕ್ಕಳಿಗೆ ಗ್ಲೈಡರಿನ ಪಾಠ ತಾನಾಗಿ ಹಿಡಿಸುತ್ತದೆ ಎಂದು ನಾನು ಭಾವಿಸಿದ್ದೆ.

ಹಾರಿಸಲಾಗದ ಗ್ಲೈಡರ್

ಎರಡನೇ ವಾರ ಗ್ಲೈಡರನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತಂದೆ. ಮುಖ್ಯ ಶಿಕ್ಷಕರು ಅದನ್ನು ನೋಡಿ ಸಂತೋಷಪಟ್ಟರು. ಆಮೇಲೆ ಒಂದೇ ಮಾತು ಕೇಳಿದರು: "ಇಲ್ಲಿ ಇದನ್ನ ಹಾರಿಸೋಕೆ ಅನುಮತಿ ಇದೆಯೇನಮ್ಮಾ?"

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. 2021ರ ಡ್ರೋನ್ ನಿಯಮಗಳು ಕ್ಯಾಮೆರಾ ಹೊತ್ತ ಡ್ರೋನಿಗಷ್ಟೇ ಅನ್ವಯಿಸುತ್ತವೆ ಎಂದುಕೊಂಡಿದ್ದೆ. ಓದಿ ನೋಡಿದರೆ, ಒಳಗೆ ಪೈಲಟ್ ಇಲ್ಲದೆ ದೂರದಿಂದ ನಿಯಂತ್ರಿಸುವ ಮಾದರಿ ವಿಮಾನಗಳೂ ಅದರಲ್ಲಿ ಬರುತ್ತವೆ. ಆಕಾಶವನ್ನು ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯಗಳಾಗಿ ಗುರುತಿಸಲಾಗಿದೆ. ಹಳದಿ ಮತ್ತು ಕೆಂಪು ವಲಯಗಳಲ್ಲಿ ಅನುಮತಿ ಇಲ್ಲದೆ ಹಾರಿಸುವಂತಿಲ್ಲ. ವೈಮಾನಿಕ ಪರೀಕ್ಷಾ ವಲಯ ಇರುವ ತಾಲ್ಲೂಕಿನಲ್ಲಿ, ಶಾಲೆಯ ಮಕ್ಕಳನ್ನು ಕಟ್ಟಿಕೊಂಡು, ಆಟಕ್ಕೆಂದೂ ರೇಡಿಯೋ ಗ್ಲೈಡರ್ ಬಿಡುವುದು ಸರಿಯಲ್ಲ ಎಂದು ಮುಖ್ಯ ಶಿಕ್ಷಕರು ಹೇಳಿದರು. ನಾನೂ ಒಪ್ಪಿದೆ.

ಆದ್ದರಿಂದ ಯೋಜನೆ ಬದಲಾಯಿತು. ರೇಡಿಯೋ ಗ್ಲೈಡರ್ ಮೇಜಿನ ಮೇಲೆ ಇರುವುದು. ಅದು ನೋಡಲು, ಮುಟ್ಟಲು ಮಾತ್ರ. ಹಾರಿಸುವುದು ಕೈಯಿಂದ ಎಸೆಯುವ ಚಿಕ್ಕ ಥರ್ಮಾಕೋಲ್ ಗ್ಲೈಡರನ್ನು, ಅದೂ ಶಾಲೆಯ ಆವರಣದೊಳಗೆ. ಶನಿವಾರ ಬೆಳಗಿನ ತರಗತಿ ಬಿಟ್ಟ ಮೇಲೆ ಒಂದು ಗಂಟೆ. ಒಂಬತ್ತು ಮಕ್ಕಳು ಹೆಸರು ಕೊಟ್ಟರು, ಐವರು ಹುಡುಗಿಯರು, ನಾಲ್ವರು ಹುಡುಗರು. ಆಗ ನನಗೆ ಬೇಸರವಾಗಿತ್ತು. ಈಗ ನೋಡಿದರೆ ಈ ಪಾಠ ಪಾಠವಾದದ್ದೇ ಆ ಬದಲಾವಣೆಯಿಂದ.

ಪರಿವೀಕ್ಷಣೆಯ ದಿನದ ಪಾಠ

ಮೂರನೇ ವಾರ ನನ್ನ ವಿಮರ್ಶಾ ಪಾಠ ನಿಗದಿಯಾಯಿತು. ಹಿಂದಿನ ಬೆಂಚಿನಲ್ಲಿ ಕಾಲೇಜಿನಿಂದ ಬಂದ ಪರಿವೀಕ್ಷಕರು, ಪಕ್ಕದಲ್ಲಿ ಶಾಲೆಯ ಮಾರ್ಗದರ್ಶಕ ಶಿಕ್ಷಕರು, ಅವರ ಪಕ್ಕ ಇಬ್ಬರು ಸಹಪಾಠಿ ಪ್ರಶಿಕ್ಷಣಾರ್ಥಿಗಳು ಕುಳಿತಿದ್ದರು. ಘಟಕ 'ಬಲ ಮತ್ತು ಚಲನೆಯ ನಿಯಮಗಳು'. ನಾನು ಆರಿಸಿಕೊಂಡ ಉಪವಿಷಯ ಮೂರನೇ ನಿಯಮದ ಅನ್ವಯಗಳು. ಅದರ ಕೊನೆಗೆ 'ವಿಮಾನ ಹೇಗೆ ಹಾರುತ್ತದೆ' ಎಂಬ ಭಾಗವನ್ನು ಸೇರಿಸಿದ್ದೆ, ಗ್ಲೈಡರ್ ತೋರಿಸಬೇಕೆಂಬ ಆಸೆಯಿಂದ.

ಪಾಠ ಯೋಜನೆಯ 'ಪೂರ್ವಜ್ಞಾನ' ಎಂಬ ಅಂಕಣದಲ್ಲಿ ಹೀಗೆ ಬರೆದಿದ್ದೆ: 'ವಿದ್ಯಾರ್ಥಿಗಳು ಹಕ್ಕಿ ಮತ್ತು ವಿಮಾನ ಹಾರುವುದನ್ನು ನೋಡಿದ್ದಾರೆ.' ಈ ಒಂದು ಸಾಲನ್ನು ನೆನಪಿಟ್ಟುಕೊಳ್ಳಿ ಎಂದು ಓದುಗರಲ್ಲಿ ಕೋರುತ್ತೇನೆ.

ರೆಕ್ಕೆಯ ಅಡ್ಡಸೀಳಿಕೆಯನ್ನು ಕಪ್ಪುಹಲಗೆಯ ಮೇಲೆ ಬರೆದೆ. ಮೇಲ್ಭಾಗ ಉಬ್ಬು, ಕೆಳಭಾಗ ಚಪ್ಪಟೆ. ನಾನು ಪಿ.ಯು.ಸಿ.ಯಲ್ಲಿ ಕಲಿತಂತೆಯೇ ವಿವರಿಸಿದೆ: ಮೇಲಿನ ದಾರಿ ಉದ್ದ, ಕೆಳಗಿನ ದಾರಿ ಗಿಡ್ಡ. ಮುಂದಿನ ಅಂಚಿನಲ್ಲಿ ಬೇರೆಯಾದ ಗಾಳಿ ಹಿಂದಿನ ಅಂಚಿನಲ್ಲಿ ಒಂದೇ ಹೊತ್ತಿಗೆ ಸೇರಬೇಕು. ಆದ್ದರಿಂದ ಮೇಲಿನ ಗಾಳಿ ವೇಗವಾಗಿ ಓಡುತ್ತದೆ. ವೇಗ ಹೆಚ್ಚಿದಲ್ಲಿ ಒತ್ತಡ ಕಡಿಮೆ, ಇದನ್ನು ನೀವು ಏಳನೇ ತರಗತಿಯ ಬಿರುಗಾಳಿ, ಚಂಡಮಾರುತಗಳ ಪಾಠದಲ್ಲಿ ಓದಿದ್ದೀರಿ. ಕೆಳಗಿನ ಹೆಚ್ಚು ಒತ್ತಡ ರೆಕ್ಕೆಯನ್ನು ಮೇಲೆತ್ತುತ್ತದೆ. ಕಾಗದದ ಪಟ್ಟಿಯನ್ನು ತುಟಿಯ ಕೆಳಗೆ ಹಿಡಿದು ಮೇಲೆ ಊದಿದೆ. ಪಟ್ಟಿ ಮೇಲೆದ್ದಿತು. ಮಕ್ಕಳು ಚಪ್ಪಾಳೆ ತಟ್ಟಿದರು. ಎಲ್ಲವೂ ಯೋಜನೆಯಂತೆ ನಡೆದಿತ್ತು.

ಆಮೇಲೆ ಥರ್ಮಾಕೋಲ್ ಗ್ಲೈಡರ್ ಎತ್ತಿಕೊಂಡು ತರಗತಿಯ ಈ ಗೋಡೆಯಿಂದ ಆ ಗೋಡೆಗೆ ಎಸೆದೆ. ಚೆನ್ನಾಗಿ ಹೋಯಿತು. ಎರಡನೇ ಬೆಂಚಿನ ಹುಡುಗಿ ಅದನ್ನು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ಅವಳು ಕೂಟದ ಸದಸ್ಯೆ. ಆ ರೆಕ್ಕೆ ಕತ್ತರಿಸಿದವಳೂ ಅವಳೇ.

"ಮಿಸ್, ಇದ್ರ ರೆಕ್ಕೆ ಮ್ಯಾಲೂ ಕೆಳಗೂ ಒಂದೇ ಸಮ ಐತಲ್ಲ. ದಾರಿ ಎಲ್ಲಿ ಉದ್ದ ಆತು?"

ನಾನು ತಡವರಿಸಿದೆ. ಅವಳು ಬಿಡಲಿಲ್ಲ. "ಗಾಳಿಪಟನೂ ಹಂಗೇ ಅಲ್ವಾ ಮಿಸ್? ಅದು ಒಂದೇ ಹಾಳೆ. ಅದ್ಯಂಗೆ ಮ್ಯಾಲೆ ಹೋಗ್ತೈತೆ?"

ತರಗತಿ ಸುಮ್ಮನಾಯಿತು. ಹಿಂದಿನ ಬೆಂಚಿನಲ್ಲಿ ಪರಿವೀಕ್ಷಕರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ನನ್ನ ಬಳಿ ಉತ್ತರವಿರಲಿಲ್ಲ. ಎರಡು ವರ್ಷ ಗ್ಲೈಡರ್ ಹಾರಿಸಿದವಳ ಬಳಿ ಉತ್ತರವಿರಲಿಲ್ಲ. ನಾನು ಅಂದದ್ದು ಇಷ್ಟು: "ಅದು ಬೇರೆ ವಿಷಯ. ಈಗ ಪಾಠಕ್ಕೆ ಬರೋಣ." ಅವಳು ಗ್ಲೈಡರನ್ನು ಮೇಜಿನ ಮೇಲಿಟ್ಟು ಕುಳಿತಳು. ನಾನು ಮೌಲ್ಯಮಾಪನದ ಪ್ರಶ್ನೆಗಳನ್ನು ಕೇಳಿದೆ. ಮಕ್ಕಳು ನಾನು ಹೇಳಿದ್ದನ್ನೇ ಒಪ್ಪಿಸಿದರು. ಗಂಟೆ ಬಾರಿಸಿತು.

ಪರಿವೀಕ್ಷಣಾ ಪುಸ್ತಕದಲ್ಲಿ ಧ್ವನಿ, ಕಪ್ಪುಹಲಗೆಯ ಬಳಕೆ, ಬೋಧನೋಪಕರಣ ಮೂರಕ್ಕೂ ಒಳ್ಳೆಯ ಮಾತು ಬಂದಿತ್ತು. ವಿಷಯ ಪ್ರಭುತ್ವದ ಎದುರು ಒಂದು ಪ್ರಶ್ನಾರ್ಥಕ ಚಿಹ್ನೆ ಇತ್ತು. ಪರಿವೀಕ್ಷಕರು ಹೊರಡುವಾಗ ಹೇಳಿದರು: "ಅಂಕದ ಚಿಂತೆ ಬಿಡಿ. ಆ ಹುಡುಗಿ ನಾಳೆ ಕೈ ಎತ್ತುತ್ತಾಳೋ ಇಲ್ಲವೋ ನೋಡಿ."

ಮರುದಿನ ಅವಳು ಕೈ ಎತ್ತಲಿಲ್ಲ. ಅದರ ಮರುದಿನವೂ ಎತ್ತಲಿಲ್ಲ.

ತಪ್ಪು ಎಲ್ಲಿತ್ತು?

ಆ ಎರಡು ಸಂಜೆ ನಾನು ಕುಳಿತು ಓದಿದೆ. ತಿಳಿದದ್ದನ್ನು ಇಲ್ಲಿ ಬರೆಯುತ್ತೇನೆ. ನಮ್ಮಲ್ಲಿ ಅನೇಕರು ಇದೇ ವಿವರಣೆಯನ್ನು ತರಗತಿಗೆ ಕೊಂಡೊಯ್ಯುತ್ತೇವೆ ಎಂಬುದು ನನ್ನ ಊಹೆ.

ಮೊದಲನೆಯದು. ಮೇಲಿನ ಗಾಳಿ ಮತ್ತು ಕೆಳಗಿನ ಗಾಳಿ ಹಿಂದಿನ ಅಂಚಿನಲ್ಲಿ ಒಂದೇ ಹೊತ್ತಿಗೆ ಸೇರಬೇಕೆಂದು ಹೇಳುವ ನಿಯಮ ಭೌತವಿಜ್ಞಾನದಲ್ಲಿ ಇಲ್ಲ. ಗಾಳಿಸುರಂಗದಲ್ಲಿ ಹೊಗೆ ಬಿಟ್ಟು ನೋಡಿದರೆ, ಮೇಲಿನ ಗಾಳಿ ಕೆಳಗಿನದಕ್ಕಿಂತ ಮೊದಲೇ ಹಿಂದಿನ ಅಂಚನ್ನು ದಾಟಿ ಹೋಗುತ್ತದೆ. ಮೇಲೆ ವೇಗ ಹೆಚ್ಚು ಎಂಬುದು ನಿಜ, ಅಲ್ಲಿ ಒತ್ತಡ ಕಡಿಮೆ ಎಂಬುದೂ ನಿಜ. ಬರ್ನೌಲಿ ತತ್ವದಲ್ಲಿ ತಪ್ಪಿಲ್ಲ. ವೇಗ ಹೆಚ್ಚಲು ನಾನು ಕೊಟ್ಟ ಕಾರಣ ತಪ್ಪು.

ಎರಡನೆಯದು. ರೆಕ್ಕೆ ಗಾಳಿಗೆ ಸ್ವಲ್ಪ ಓರೆಯಾಗಿ ಮುಂದೆ ಹೋಗುವಾಗ ತನ್ನ ಸುತ್ತಲಿನ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ. ಕೆಳಮುಖ ಮಾತ್ರವಲ್ಲ, ಮೇಲ್ಮುಖಕ್ಕೆ ಅಂಟಿಕೊಂಡು ಹರಿಯುವ ಗಾಳಿಯೂ ಕೆಳಕ್ಕೆ ಬಾಗುತ್ತದೆ. ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳಿದರೆ, ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ಇದು ನ್ಯೂಟನ್ನನ ಮೂರನೇ ನಿಯಮ. ಒತ್ತಡದ ವ್ಯತ್ಯಾಸ ಮತ್ತು ಗಾಳಿಯ ತಿರುವು ಎರಡು ಬೇರೆ ಕಾರಣಗಳಲ್ಲ, ಒಂದೇ ಘಟನೆಯ ಎರಡು ಲೆಕ್ಕಗಳು. ನಾನು ಮೂರನೇ ನಿಯಮದ ಪಾಠ ಮಾಡುತ್ತಾ, ಮೂರನೇ ನಿಯಮದ ಒಳ್ಳೆಯ ಉದಾಹರಣೆಯನ್ನು ಕೈಯಲ್ಲಿ ಹಿಡಿದುಕೊಂಡು, ಅದನ್ನು ಬಿಟ್ಟು ಬೇರೆ ಕಡೆಗೆ ಹೋಗಿದ್ದೆ.

ಮೂರನೆಯದು ಕಾಗದದ ಪಟ್ಟಿಯ ಪ್ರಯೋಗ. ಅದೇ ಪಟ್ಟಿಯನ್ನು ನೇರವಾಗಿ ತೂಗುಬಿಟ್ಟು ಒಂದೇ ಬದಿಯಲ್ಲಿ ಉದ್ದಕ್ಕೂ ಊದಿ ನೋಡಿ. ಊದಿದ ಬದಿಗೆ ಅದು ಸೆಳೆಯಲ್ಪಡುವುದಿಲ್ಲ. ತುಟಿಯ ಕೆಳಗೆ ಹಿಡಿದಾಗ ಪಟ್ಟಿ ಬಾಗಿರುತ್ತದೆ, ಊದಿದ ಗಾಳಿ ಆ ಬಾಗನ್ನು ಹಿಡಿದು ಕೆಳಕ್ಕೆ ತಿರುಗುತ್ತದೆ, ಆದ್ದರಿಂದ ಪಟ್ಟಿ ಮೇಲೇಳುತ್ತದೆ. ಪ್ರಯೋಗ ಸರಿ. ಅದರಿಂದ ನಾನು ತೆಗೆದ ತೀರ್ಮಾನ ಸರಿಯಲ್ಲ.

ನಾಲ್ಕನೆಯದನ್ನು ಓದಿದಾಗ ನನಗೆ ನಗು ಬಂತು. 1804ರಲ್ಲಿ ಇಂಗ್ಲೆಂಡಿನ ಜಾರ್ಜ್ ಕೇಲಿ ಮಾದರಿ ಗ್ಲೈಡರ್ ಒಂದನ್ನು ಮಾಡಿದ. ಅದರ ರೆಕ್ಕೆ ಏನು ಗೊತ್ತೇ? ಕೋಲಿಗೆ ಸ್ವಲ್ಪ ಓರೆಯಾಗಿ ಕಟ್ಟಿದ ಒಂದು ಸಾಮಾನ್ಯ ಗಾಳಿಪಟ. ಹಿಂದೆ ತಿರುಗಿಸಬಹುದಾದ ಬಾಲ, ಮುಂದೆ ಸಮತೋಲಕ್ಕೆ ಜರುಗಿಸಬಹುದಾದ ತೂಕ. ವಿಮಾನವಿಜ್ಞಾನ ಶುರುವಾದ ಜಾಗದಲ್ಲೇ ಆ ಹುಡುಗಿಯ ಪ್ರಶ್ನೆ ನಿಂತಿತ್ತು.

ಮರುಪಾಠ

ಮೂರನೇ ದಿನ ಪಾಠ ಆರಂಭಿಸುವ ಮೊದಲು ತರಗತಿಯ ಎದುರೇ ಹೇಳಿದೆ: "ಮೊನ್ನೆ ನಾನು ಹೇಳಿದ ಕಾರಣ ತಪ್ಪು. ಕೇಳಿದ ಪ್ರಶ್ನೆ ಸರಿ ಇತ್ತು. ಪ್ರಶ್ನೆಗೆ ಉತ್ತರ ಹೇಳದೆ ಪಾಠ ಮುಂದಕ್ಕೆ ಓಡಿಸಿದ್ದು ನನ್ನದು ಎರಡನೇ ತಪ್ಪು." ಮಾರ್ಗದರ್ಶಕ ಶಿಕ್ಷಕರು ಬಾಗಿಲಲ್ಲಿ ನಿಂತಿದ್ದರು. ಹೇಳುವ ಮೊದಲು ನನ್ನ ಕೈ ತಣ್ಣಗಾಗಿತ್ತು. ಹೇಳಿದ ಮೇಲೆ ಏನೂ ಆಗಲಿಲ್ಲ. ಮಕ್ಕಳು ನಗಲಿಲ್ಲ. ಒಬ್ಬ ಹುಡುಗ "ಪರ್ವಾಗಿಲ್ಲ ಬಿಡಿ ಮಿಸ್" ಅಂದ.

ಆಮೇಲೆ ನಾನು ವಿವರಿಸಲಿಲ್ಲ. ಒಂದೇ ಪ್ರಶ್ನೆ ಕೇಳಿದೆ: "ಗಾಳಿಪಟ ಕಟ್ಟೋದು ಹೇಗೆ? ನನಗೆ ಹೇಳಿಕೊಡಿ."

ಹತ್ತು ನಿಮಿಷ ನಾನು ವಿದ್ಯಾರ್ಥಿನಿ. ಆಷಾಢದ ಗಾಳಿಯಲ್ಲಿ ಈ ಬಯಲಿನಲ್ಲಿ ಗಾಳಿಪಟ ಬಿಟ್ಟು ಬೆಳೆದವರು ಅವರು. ಸೂತ್ರವನ್ನು ಮೇಲಕ್ಕೆ ಕಟ್ಟಿದರೆ ಪಟ ಹೆಚ್ಚು ಮಲಗುತ್ತದೆ, ಕೆಳಕ್ಕೆ ಕಟ್ಟಿದರೆ ಹೆಚ್ಚು ನಿಲ್ಲುತ್ತದೆ. ಬಹಳ ಮಲಗಿದರೆ ಏರುವುದಿಲ್ಲ, ಬಹಳ ನಿಂತರೆ ದಾರ ಜಗ್ಗುತ್ತದೆ, ಪಟ ಏರುವುದಿಲ್ಲ. ಬಾಲಂಗೋಚಿ ಇಲ್ಲದಿದ್ದರೆ ಗಿರಗಿರ ತಿರುಗಿ ನೆಲ ಕಚ್ಚುತ್ತದೆ. ಇದನ್ನೆಲ್ಲ ಅವರು ಒಬ್ಬರ ಮೇಲೊಬ್ಬರು ಬಿದ್ದು ಹೇಳಿದರು. ಎರಡನೇ ಬೆಂಚಿನ ಹುಡುಗಿ ಕೊನೆಗೆ ಎದ್ದು ನಿಂತು, ತನ್ನ ಅಂಗೈಯನ್ನೇ ಪಟದಂತೆ ಓರೆ ಮಾಡಿ ತೋರಿಸಿದಳು: "ಇಷ್ಟೇ ಓರೆ ಇರ್ಬೇಕು ಮಿಸ್."

ಕಪ್ಪುಹಲಗೆಯ ಮೇಲೆ ಅವಳ ಅಂಗೈಯನ್ನು ಒಂದು ಗೆರೆಯಾಗಿ ಬರೆದೆ. ಗಾಳಿ ಎಡದಿಂದ ಬರುತ್ತಿದೆ ಎಂದು ಬಾಣ ಹಾಕಿದೆ. "ಈ ಓರೆಗೆ ಬಡಿದ ಗಾಳಿ ಎತ್ತ ಹೋಗುತ್ತದೆ?" ಕೆಳಕ್ಕೆ ಎಂದರು. "ಕೈ ಎತ್ತ ಹೋಗುತ್ತದೆ?" ಬಸ್ಸಿನ ಕಿಟಕಿಯಿಂದ, ಟ್ರ್ಯಾಕ್ಟರಿನ ಟ್ರಾಲಿಯಿಂದ ಕೈ ಚಾಚಿದ್ದ ಅನುಭವ ಎಲ್ಲರಿಗೂ ಇತ್ತು. ಮೇಲಕ್ಕೆ ಎಂದರು. (ಕೈ ಚಾಚಬಾರದು ಎಂಬುದನ್ನೂ ಸೇರಿಸಿದೆ.) ಮೂರನೇ ನಿಯಮವನ್ನು ಅವರ ಬಾಯಿಂದಲೇ ಹೇಳಿಸಲು ಮತ್ತೆ ಎರಡು ನಿಮಿಷ ಸಾಕಾಯಿತು. ಮೇಲ್ಮುಖದ ಗಾಳಿಯೂ ಬಾಗಿ ಕೆಳಕ್ಕೆ ಹರಿಯುತ್ತದೆ ಎಂಬುದನ್ನು ಮಾತ್ರ ನಾನು ಸೇರಿಸಿದೆ, ಕಾಗದದ ಪಟ್ಟಿಯನ್ನು ಎರಡೂ ಬಗೆಯಲ್ಲಿ ಊದಿ ತೋರಿಸಿ.

'ಹಕ್ಕಿ ಮತ್ತು ವಿಮಾನ ಹಾರುವುದನ್ನು ನೋಡಿದ್ದಾರೆ' ಎಂದು ನಾನು ಬರೆದಿದ್ದ ಪೂರ್ವಜ್ಞಾನ ಎಷ್ಟು ಬಡಕಲು ಎಂದು ಆಗ ತಿಳಿಯಿತು. ಅವರ ಪೂರ್ವಜ್ಞಾನ ಸೂತ್ರ ಕಟ್ಟುವ ಬೆರಳುಗಳಲ್ಲಿತ್ತು. ನಾನು ಕೇಳಿರಲಿಲ್ಲ, ಅಷ್ಟೇ.

ಕೂಟದ ಅಳತೆಗಳು

ಬಾಗಿದ ರೆಕ್ಕೆಯಿಂದ ಏನೂ ಲಾಭವಿಲ್ಲವೇ? ಇದು ಮುಂದಿನ ಶನಿವಾರ ಮಕ್ಕಳು ಕೇಳಿದ ಪ್ರಶ್ನೆ. ಉತ್ತರ ಹೇಳುವ ಬದಲು ಅಳೆಯೋಣ ಎಂದೆ.

ಗ್ಲೈಡರಿನ ರಚನೆ ಸರಳ: 40 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ತೆಳು ಥರ್ಮಾಕೋಲ್ ರೆಕ್ಕೆ, ಒಡಲಿಗೆ ಬಿದಿರಿನ ಕಡ್ಡಿ, ಬಾಲಕ್ಕೆ ದಪ್ಪ ಡ್ರಾಯಿಂಗ್ ಹಾಳೆ, ಮೂಗಿಗೆ ಜೇಡಿಮಣ್ಣು. ರೆಕ್ಕೆಯ ತುದಿಗಳು ಸ್ವಲ್ಪ ಮೇಲಕ್ಕೆ ಎದ್ದಿರಬೇಕು, ಆಗ ಗ್ಲೈಡರ್ ಪಕ್ಕಕ್ಕೆ ವಾಲಿದರೂ ತಾನೇ ಸರಿಹೋಗುತ್ತದೆ.

ಮೊದಲ ಅಳತೆ ಸೋತಿತು. ಆಟದ ಬಯಲಿನಲ್ಲಿ ಮಧ್ಯಾಹ್ನದ ಗಾಳಿಗೆ ಎಸೆದೆವು. ಒಮ್ಮೆ ಗಾಳಿಯ ಜೊತೆ 14 ಮೀಟರ್ ಹೋಯಿತು, ಮತ್ತೊಮ್ಮೆ ಎದುರುಗಾಳಿಗೆ 2 ಮೀಟರಿನಲ್ಲಿ ಬಿತ್ತು. "ಇದು ಗಾಳಿ ಅಳತೆ ಮಿಸ್, ಗ್ಲೈಡರ್ ಅಳತೆ ಅಲ್ಲ" ಎಂದ ಒಬ್ಬ ಹುಡುಗ. ಚರಗಳನ್ನು ನಿಯಂತ್ರಿಸಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಶಾಲೆಯ ಉದ್ದನೆಯ ವರಾಂಡಕ್ಕೆ ಬಂದೆವು. ಗೋಡೆಯ ಮೇಲೆ 1.5 ಮೀಟರ್ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದೆವು. ಆ ಎತ್ತರದಿಂದ ಮೆಲ್ಲಗೆ, ನೇರವಾಗಿ ಬಿಡುವುದು. ಪ್ರತಿಯೊಂದು ಬಗೆಗೆ ಐದು ಎಸೆತ, ಐದರಲ್ಲಿ ನಡುವಿನದನ್ನು ಬರೆದುಕೊಳ್ಳುವುದು.

– ಮೂಗಿಗೆ ತೂಕವಿಲ್ಲದ ಚಪ್ಪಟೆ ರೆಕ್ಕೆ: ಮೂಗು ಮೇಲೆದ್ದು, ನಿಂತು, ಬಿತ್ತು. 1.9 ಮೀಟರ್.
– ತೂಕ ಹೆಚ್ಚಾದದ್ದು: ಮೂಗು ಕೆಳಗೆ ಮಾಡಿ ಧುಮುಕಿತು. 3.1 ಮೀಟರ್.
– ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ ಮೂರನೇ ಒಂದು ಭಾಗದಲ್ಲಿ ಬೆರಳಿನ ಮೇಲೆ ಸಮತೋಲ ನಿಲ್ಲುವಂತೆ ತೂಕ ಹಾಕಿದ್ದು: 6.6 ಮೀಟರ್.
– ಅದೇ ಸಮತೋಲ, ಆದರೆ ರೆಕ್ಕೆಯನ್ನು ಮೆಲ್ಲಗೆ ಬಾಗಿಸಿದ್ದು: 7.5 ಮೀಟರ್.

ಎರಡು ತೀರ್ಮಾನಗಳನ್ನು ಮಕ್ಕಳೇ ಬರೆದರು. ಒಂದು, ಚಪ್ಪಟೆ ರೆಕ್ಕೆ ಹಾರುತ್ತದೆ. ಬಾಗಿದ ರೆಕ್ಕೆ ಇನ್ನೂ ಚೆನ್ನಾಗಿ ಹಾರುತ್ತದೆ. ಎರಡು, ನಮ್ಮ ಗ್ಲೈಡರಿಗೆ ಬಾಗಿಗಿಂತ ತೂಕದ ಜಾಗ ಮುಖ್ಯ. ಕ್ರಮಿಸಿದ ದೂರವನ್ನು ಇಳಿದ ಎತ್ತರದಿಂದ ಭಾಗಿಸಿದರೆ ಜಾರು ಅನುಪಾತ ಸಿಗುತ್ತದೆ. ಚಪ್ಪಟೆಯದಕ್ಕೆ 6.6 ÷ 1.5 = 4.4, ಬಾಗಿದ್ದಕ್ಕೆ 5. ಎಂಟನೇ ತರಗತಿಯ ಗಣಿತದಲ್ಲಿ ಅನುಪಾತದ ಪಾಠಕ್ಕೂ ಇದೇ ಅಂಕಿಗಳನ್ನು ಬಳಸಿಕೊಂಡೆ.

ಮೇಜಿನ ಮೇಲಿನ ರೇಡಿಯೋ

ರೇಡಿಯೋ ಗ್ಲೈಡರ್ ಹಾರದಿದ್ದರೂ ವ್ಯರ್ಥವಾಗಲಿಲ್ಲ. ಮೇಜಿನ ಮೇಲೆ ಬ್ಯಾಟರಿ ಜೋಡಿಸಿ, ಟ್ರಾನ್ಸ್‌ಮಿಟರನ್ನು ಒಬ್ಬರ ಕೈಗೆ ಕೊಟ್ಟೆ. ಕಡ್ಡಿ ಎಳೆದರೆ 2.4 ಗಿಗಾಹರ್ಟ್ಸ್ ರೇಡಿಯೋ ಸಂಕೇತ ರಿಸೀವರಿಗೆ ಹೋಗಿ ಸರ್ವೋ ತಿರುಗುತ್ತದೆ. ನಿಯಮ ಒಂದೇ: ಕಡ್ಡಿ ಎಳೆಯುವ ಮೊದಲು, 'ಹಾರುತ್ತಿದ್ದರೆ ಈಗ ಏನಾಗುತ್ತಿತ್ತು' ಎಂದು ಎಲ್ಲರೂ ಪುಸ್ತಕದಲ್ಲಿ ಬರೆಯಬೇಕು.

ಎಲಿವೇಟರ್ ಪಟ್ಟಿ ಮೇಲೆದ್ದರೆ? ಒಂಬತ್ತರಲ್ಲಿ ಏಳು ಜನ 'ಬಾಲ ಮೇಲೇಳುತ್ತದೆ' ಎಂದು ಬರೆದರು. ಕೂಡಲೇ ಥರ್ಮಾಕೋಲ್ ಗ್ಲೈಡರಿನ ಬಾಲದ ಹಾಳೆಯ ಹಿಂದಿನ ಅಂಚನ್ನು ಮೇಲಕ್ಕೆ ಮಡಿಸಿ ಎಸೆದೆವು. ಮೂಗು ಮೇಲೆದ್ದಿತು. ಪಟ್ಟಿ ಗಾಳಿಯನ್ನು ಮೇಲಕ್ಕೆ ತಿರುಗಿಸುತ್ತದೆ, ಬಾಲ ಕೆಳಕ್ಕೆ ಹೋಗುತ್ತದೆ, ಮೂಗು ಏಳುತ್ತದೆ. ಮತ್ತೆ ಅದೇ ಮೂರನೇ ನಿಯಮ. ಈ ಸಲ ಏಳು ಜನರ ತಪ್ಪನ್ನು ತಿದ್ದಿದವಳು ನಾನಲ್ಲ, ಗ್ಲೈಡರ್.

ರೇಡಿಯೋ ಹಾರಾಟ ಕಲಿಯುವವರೆಲ್ಲ ಮಾಡುವ ಇನ್ನೊಂದು ತಪ್ಪನ್ನು ಆಟವಾಗಿ ಆಡಿದೆವು. ಒಬ್ಬರು ತೋಳು ಚಾಚಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಗ್ಲೈಡರ್ ಆಗುವುದು, ಇನ್ನೊಬ್ಬರು ನಿಂತಲ್ಲೇ ನಿಂತು 'ಎಡ', 'ಬಲ' ಎಂದು ನಡೆಸುವುದು. ದೂರ ಹೋಗುವಾಗ ಎಲ್ಲರೂ ಸರಿ. ತಿರುಗಿ ನಮ್ಮ ಕಡೆ ಬರುವಾಗ ಎಲ್ಲರೂ ತಪ್ಪು. ಬರುವ ಗ್ಲೈಡರಿನ ಎಡ ನಮ್ಮ ಬಲ. ನಮ್ಮ ಹಳೆಯ ಕೂಟದ ಗ್ಲೈಡರ್ ಮೊದಲ ಸಲ ಮುರಿದದ್ದು ಹೀಗೇ. ಎದುರು ಬರುವಾಗ ಯಾವ ರೆಕ್ಕೆ ತಗ್ಗಿದೆಯೋ ಆ ಕಡೆಗೆ ಕಡ್ಡಿ ತಳ್ಳಬೇಕು, ತಗ್ಗಿದ ರೆಕ್ಕೆಗೆ ಆಸರೆ ಕೊಟ್ಟಂತೆ. ಇದು ಹಾರಿಸುವವರು ನೆನಪಿಡುವ ಉಪಾಯ. ಎದುರು ನಿಂತವನ ಎಡಬಲವನ್ನು ಅವನ ಜಾಗದಿಂದ ನೋಡುವುದು ಶಿಕ್ಷಕರಿಗೂ ಬೇಕಾದ ಅಭ್ಯಾಸ ಎಂದು ಆ ಆಟ ನೋಡುವಾಗ ಅನ್ನಿಸಿತು.

ನಮ್ಮ ತಾಲ್ಲೂಕಿನ ದೊಡ್ಡ ಗ್ಲೈಡರ್

ಕೊನೆಯ ಶನಿವಾರ ಪುಷ್ಪಕ್‌ನ ಲೆಕ್ಕ ಮಾಡಿದೆವು. 2024ರ ಜೂನ್ 23ರ ಮೂರನೇ ಪ್ರಯೋಗದಲ್ಲಿ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು 4.5 ಕಿ.ಮೀ. ಎತ್ತರಕ್ಕೆ ಒಯ್ದು, ರನ್‌ವೇಯಿಂದ 4.5 ಕಿ.ಮೀ. ದೂರದಲ್ಲಿ ಬಿಟ್ಟಿತು. ಅದು ರನ್‌ವೇಯ ಸಾಲಿನಿಂದ 500 ಮೀಟರ್ ಪಕ್ಕಕ್ಕೆ ಇದ್ದು, ತಾನೇ ದಾರಿ ಸರಿಪಡಿಸಿಕೊಂಡು ಬಂದು ಇಳಿಯಿತು. ನೆಲ ಮುಟ್ಟುವಾಗ ವೇಗ ಗಂಟೆಗೆ 320 ಕಿ.ಮೀ.ಗಿಂತ ಹೆಚ್ಚು. ಆಮೇಲೆ ಪ್ಯಾರಾಚೂಟ್ ಬಿಚ್ಚಿ ವೇಗವನ್ನು ಸುಮಾರು 100ಕ್ಕೆ ಇಳಿಸಲಾಯಿತು.

ಮಕ್ಕಳು ಭಾಗಿಸಿದರು: 4.5 ÷ 4.5 = 1. "ನಮ್ದು 5, ಇಸ್ರೋದು 1!" ಎಂದು ಕುಣಿದರು. ಇದು ಸ್ಥೂಲ ಲೆಕ್ಕ, ಪುಷ್ಪಕ್ ಬಂದದ್ದು ನೇರ ದಾರಿಯಲ್ಲಲ್ಲ ಎಂದು ತಿದ್ದಿದೆ. ಆದರೂ ಅವರು ಹಿಡಿದದ್ದು ಸರಿಯಾದ ಎಳೆಯನ್ನೇ. ಬಾಹ್ಯಾಕಾಶದಿಂದ ಮರಳಬೇಕಾದ ವಾಹನಕ್ಕೆ ಗಿಡ್ಡ, ಗಟ್ಟಿ ರೆಕ್ಕೆ ಬೇಕು. ಅಂಥ ರೆಕ್ಕೆಗೆ ಎತ್ತುವ ಬಲ ಕಡಿಮೆ, ತಡೆ ಹೆಚ್ಚು. ಆದ್ದರಿಂದ ಅದು ಕಡಿದಾಗಿ, ವೇಗವಾಗಿ ಇಳಿಯಬೇಕಾಗುತ್ತದೆ. ಸ್ಪರ್ಧೆಗಳಲ್ಲಿ ಮನುಷ್ಯರು ಕುಳಿತು ಹಾರಿಸುವ ಉದ್ದ ರೆಕ್ಕೆಯ ಗ್ಲೈಡರ್‌ಗಳಲ್ಲಿ ಈ ಅನುಪಾತ 40ನ್ನು ದಾಟುತ್ತದೆ. ಇನ್ನೊಂದು ವ್ಯತ್ಯಾಸವನ್ನು ಅವರೇ ಕಂಡುಕೊಂಡರು: ನನ್ನ ಗ್ಲೈಡರಿಗೆ ನೆಲದ ಮೇಲೆ ಒಬ್ಬರು ಕಡ್ಡಿ ಹಿಡಿದು ನಿಂತಿರಬೇಕು. ಪುಷ್ಪಕ್‌ಗೆ ಹಾಗೆ ಯಾರೂ ಇಲ್ಲ, ಅದರೊಳಗಿನ ಗಣಕವೇ ಅಳೆದು, ಲೆಕ್ಕಹಾಕಿ, ರಡ್ಡರು ತಿರುಗಿಸುತ್ತದೆ.

ಅಂದು ಕುರಿ ಮೇಯಿಸುವ ಮನೆಯ ಹುಡುಗ, ಐದು ವಾರದಲ್ಲಿ ಹೆಚ್ಚು ಮಾತಾಡದವನು, ಹೇಳಿದ: "ಹದ್ದು ರೆಕ್ಕೆ ಬಡಿಯಂಗಿಲ್ಲ ಮಿಸ್, ಬಿಸಿಲು ಏರಿದ ಮ್ಯಾಲೆ ಸುತ್ತು ಹೊಡ್ಕಂಡು ಮ್ಯಾಲೆ ಹೋಗ್ತೈತೆ. ಅದ್ರ ಅನುಪಾತ ಎಷ್ಟು?" ಇಳಿಯದೆ ಏರುವ ಗ್ಲೈಡರಿಗೆ ಅನುಪಾತ ಹೇಗೆ ಹಾಕುವುದು? ಬಿಸಿಗಾಳಿಯ ಮಾತು ನನಗೆ ಗೊತ್ತಿತ್ತು. ಹೇಳಿಬಿಡಬಹುದಿತ್ತು. ಹೇಳಲಿಲ್ಲ. "ಎಲ್ಲಿ, ಎಷ್ಟು ಹೊತ್ತಿಗೆ ಸುತ್ತುತ್ತದೆ ಅಂತ ಒಂದು ವಾರ ಬರೆದಿಡು" ಎಂದೆ. ನನ್ನ ಅವಧಿ ಅಷ್ಟರಲ್ಲಿ ಮುಗಿಯುತ್ತಿತ್ತು. ಪುಸ್ತಕವನ್ನು ಮಾರ್ಗದರ್ಶಕ ಶಿಕ್ಷಕರಿಗೆ ತೋರಿಸುವಂತೆ ಹೇಳಿ ಬಂದೆ. ಅವರು ಕೂಟವನ್ನು ಮುಂದುವರಿಸಲು ಒಪ್ಪಿದ್ದಾರೆ.

ಸಹಪಾಠಿಗಳಿಗೆ ನಾಲ್ಕು ಮಾತು

ಒಂದು. ಪೂರ್ವಜ್ಞಾನದ ಅಂಕಣವನ್ನು ಮನೆಯಲ್ಲಿ ಕುಳಿತು ತುಂಬಬೇಡಿ. ಪಾಠಕ್ಕೆ ಒಂದು ದಿನ ಮೊದಲು ಹತ್ತು ನಿಮಿಷ ಮಕ್ಕಳನ್ನು ಕೇಳಿ ತುಂಬಿ. ನನ್ನಿವಾಳದಲ್ಲಿ ಗಾಳಿಪಟ ಸಿಕ್ಕಿತು. ನಿಮ್ಮ ಊರಿನಲ್ಲಿ ಬೇರೇನೋ ಸಿಗುತ್ತದೆ.

ಎರಡು. ನಿಮ್ಮ ವಿವರಣೆಯನ್ನು ಮಗುವಿನ ಕೈಯಲ್ಲಿರುವ ವಸ್ತುವಿಗೆ ಹಿಡಿದು ನೋಡಿ. ಕಪ್ಪುಹಲಗೆಯ ಚಿತ್ರದ ರೆಕ್ಕೆ ಉಬ್ಬಿತ್ತು, ಮೇಜಿನ ಮೇಲಿನ ರೆಕ್ಕೆ ಚಪ್ಪಟೆಯಾಗಿತ್ತು. ಈ ವ್ಯತ್ಯಾಸ ನನಗೆ ಕಾಣಲಿಲ್ಲ, ರೆಕ್ಕೆ ಕತ್ತರಿಸಿದವಳಿಗೆ ಕಂಡಿತು.

ಮೂರು. ಕೂಟ ಮಾಡಲು ಹಣ ಬೇಕಿಲ್ಲ. ಆರು ಜನ ದುಡ್ಡು ಹಾಕಿ ಕೊಂಡ ನನ್ನ ರೇಡಿಯೋ ಗ್ಲೈಡರ್ ಮೇಜು ಬಿಟ್ಟು ಏಳಲಿಲ್ಲ. ಕಲಿಸಿದ್ದು ಜೇಡಿಮಣ್ಣು ಮೆತ್ತಿದ ಥರ್ಮಾಕೋಲ್. ಆದರೆ ಹೊರಗೆ ಏನನ್ನಾದರೂ ರೇಡಿಯೋದಿಂದ ಹಾರಿಸುವುದಿದ್ದರೆ, ಮೊದಲು ವಲಯದ ನಕ್ಷೆ ನೋಡಿ, ಮುಖ್ಯ ಶಿಕ್ಷಕರನ್ನು ಕೇಳಿ.

ನಾಲ್ಕು. 'ಅದು ಬೇರೆ ವಿಷಯ' ಎಂಬ ಮಾತನ್ನು ನಾನು ಬಿಟ್ಟಿದ್ದೇನೆ. ಅದರ ಬದಲು 'ಗೊತ್ತಿಲ್ಲ, ನಾಳೆ ನೋಡೋಣ' ಎಂದು ಹೇಳಿ, ನಾಳೆ ನಿಜವಾಗಿ ನೋಡುತ್ತೇನೆ. ಪರಿವೀಕ್ಷಕರು ಎರಡನೇ ಬಾರಿ ಬಂದಾಗ ನಾನು ಬೇರೆ ಪಾಠ ಮಾಡುತ್ತಿದ್ದೆ. ನಡುವೆ ಎರಡನೇ ಬೆಂಚಿನ ಹುಡುಗಿ ಕೈ ಎತ್ತಿದಳು. ಪ್ರಶ್ನೆ ಕಷ್ಟದ್ದೇ ಆಗಿತ್ತು. ಅವರು ಪುಸ್ತಕದಲ್ಲಿ ಏನು ಬರೆದರೆಂದು ನಾನು ಆ ದಿನ ನೋಡಲಿಲ್ಲ.